ಹಾಲ್ವರ್ಸನ್ ಮನೆ

ಲಾರ್ಚ್‌ವುಡ್ಡಿನಲ್ಲಿ ಯಾರೂ ತಮ್ಮ ಮನೆಯಲ್ಲಿ ವಾಸವಾಗಿಲ್ಲ. ಬಿಂಗಮ್ ಮನೆಯಲ್ಲಿ ಇರುವವರು ಲಿಂಡ್‌ಗ್ರೆನ್‌ಗಳು. ಲಿಂಡ್‌ಗ್ರೆನ್ ಮನೆ ಅನ್ನುವುದೊಂದು ಹುಟ್ಟಬೇಕಾದರೆ ಅವರು ಮನೆ ಮಾರಿ ಹೋಗಬೇಕು, ಇಲ್ಲವೇ ಸಾಯಬೇಕು. ಹಿಂದೆ ಇದ್ದವರ ಹೆಸರಿನಿಂದಲೇ ಮನೆಯನ್ನು ಕರೆಯುವುದು ಆ ಊರಿನ ರೂಢಿ. ಬಾಗಿಲ ನಂಬರು ಹೇಳುವುದು ಹೊಸಬರ ಲಕ್ಷಣ. ಶಿಕಾಗೋದ ಹೊಗೆಯನ್ನೂ ಕಸಾಯಿಖಾನೆಗಳ ನಾತವನ್ನೂ ತಾಳಲಾರದೆ, ಆ ಕಸಾಯಿಖಾನೆಗಳ ಒಡೆಯರೇ ಸರೋವರದ ದಂಡೆಯಲ್ಲಿ ಕಟ್ಟಿಕೊಂಡ ಊರು ಅದು. ಅಲ್ಲಿ ಯಾರೂ ದನಿ ಎತ್ತಿ ಮಾತಾಡುವುದಿಲ್ಲ, ಕೆಟ್ಟದ್ದನ್ನು ಎದುರಿಗೆ ಆಡುವುದಿಲ್ಲ. ಬೇಡದವರನ್ನು ಹೊರಗಿಡುವ ಕೆಲಸವನ್ನೂ ಒಂದು ಕಾಲದಲ್ಲಿ ಬಲು ಮರ್ಯಾದೆಯಿಂದಲೇ ಮಾಡುತ್ತಿದ್ದರು.

ವರ್ಡೆಲ್ ಪೆಟ್‌ವೇ ಮದುವೆಯಾದ ಹೊಸದರಲ್ಲಿ ಬಂದವಳು, ಎಂಬತ್ತು ದಾಟಿದ ಮೇಲೂ ಹಾಲ್ವರ್ಸನ್ ಮನೆಯಲ್ಲಿಯೇ ಇದ್ದಳು.

ಅಕ್ಟೋಬರಿನ ಒಂದು ಬೆಳಿಗ್ಗೆ ಪಕ್ಕದ ಬಿಂಗಮ್ ಮನೆಯ ಮಾರ್ಜ್ ಲಿಂಡ್‌ಗ್ರೆನ್ ಅಡಿಗೆಮನೆಯ ಬಾಗಿಲು ತಳ್ಳಿಕೊಂಡು ಬಂದಳು. ವರ್ಡೆಲ್‌ಗಿಂತ ಹತ್ತು ವರ್ಷ ಚಿಕ್ಕವಳು, ಊರಿನ ಪರಂಪರೆ ಸಮಿತಿಯ ಅಧ್ಯಕ್ಷೆ, ಕಾಲು ನಿಂತಲ್ಲಿ ನಿಲ್ಲದ ಹೆಂಗಸು. ಕುರ್ಚಿ ಎಳೆದುಕೊಂಡು ತಾನೇ ಕಾಫಿ ಬಗ್ಗಿಸಿಕೊಂಡಳು.

"ವರ್ಡೆಲ್, ಸಿಹಿ ಸುದ್ದಿ ತಂದಿದೀನಿ ಕಣೇ. ನಿನ್ನ ಮನೆ ಪರಂಪರೆ ಪಟ್ಟಿಗೆ ಪಾಸಾಯ್ತು! ಶನಿವಾರ ಬಾಗಿಲ ಪಕ್ಕ ಹಿತ್ತಾಳೆ ಬೋರ್ಡು ಹೊಡೀತೀವಿ. ಇನ್ನು ಯಾವ ಬಿಲ್ಡರ್ರೂ ಇದರ ಒಂದು ಇಟ್ಟಿಗೆ ಮುಟ್ಟೋ ಹಾಗಿಲ್ಲ."

ಅದು ಸಣ್ಣ ಮಾತಾಗಿರಲಿಲ್ಲ. ಆ ರಸ್ತೆಯಲ್ಲಿ ಹಳೆಯ ಮನೆ ಮಾರಾಟವಾದರೆ ಸಾಕು, ಯಂತ್ರ ಬಂದು ಅದನ್ನು ನೆಲಸಮ ಮಾಡಿ, ನಾಲ್ಕು ಕಾರು ನಿಲ್ಲುವ ಅರಮನೆ ಎಬ್ಬಿಸುತ್ತಿದ್ದರು. ತಾನು ಹೋದ ಮೇಲೆ ಈ ಮನೆಗೂ ಅದೇ ಗತಿ ಎಂದು ವರ್ಡೆಲ್ ಎಷ್ಟೋ ಸಲ ಸಂಕಟಪಟ್ಟಿದ್ದಳು. ಮನೆ ಉಳಿಯುತ್ತದೆ ಎಂದು ಕೇಳಿ ಮೊದಲು ಹಿಗ್ಗಿದಳು. ಆಮೇಲೆ ಕೇಳಿದಳು:

"ಬೋರ್ಡಲ್ಲಿ ಏನಂತ ಬರೆಸಿದೀರ?"

"ಇನ್ನೇನು ಬರೆಸ್ತಾರೆ? ಹಾಲ್ವರ್ಸನ್ ಮನೆ."

ವರ್ಡೆಲ್ ಚಮಚ ಕೆಳಗಿಟ್ಟಳು.

ಅವಳ ಗಂಡ ಆಲ್ಟನ್ ಕಣ್ಣಿನ ಡಾಕ್ಟರು. ಅವರು ಮನೆ ಹುಡುಕುತ್ತಿದ್ದ ಕಾಲಕ್ಕೆ, ಕರಿಯರಿಗೂ ಯೆಹೂದಿಗಳಿಗೂ ಮನೆ ಮಾರಕೂಡದೆಂಬ ಕರಾರಿಗೆ ನ್ಯಾಯಾಲಯದಲ್ಲಿ ಬೆಲೆ ಹೋಗಿ ವರ್ಷಗಳಾಗಿದ್ದವು. ಲಾರ್ಚ್‌ವುಡ್ಡಿನ ದಲ್ಲಾಳಿಗಳ ಬಾಯಲ್ಲಿ ಮಾತ್ರ ಅದು ಗಟ್ಟಿಯಾಗಿತ್ತು. ಇವರ ಕಪ್ಪು ಮುಖ ಕಂಡ ಕೂಡಲೇ, "ಅಯ್ಯೋ, ಈಗ ತಾನೇ ಮಾರಾಟವಾಗಿಹೋಯ್ತಲ್ಲ" ಎಂದು ನಗುನಗುತ್ತಾ ಹೇಳುತ್ತಿದ್ದರು. ಕೊನೆಗೆ ಆಲ್ಟನ್ ಜೊತೆ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದ ಹಾಲ್ವರ್ಸನ್ ಎಂಬ ಬಿಳಿಯ ಡಾಕ್ಟರು ಮುಂದೆ ನಿಂತು, ಇವರ ಹಣದಲ್ಲಿ ತನ್ನ ಹೆಸರಿಗೆ ಮನೆ ಕೊಂಡ. ಮಾರನೆಯ ವಾರ ಇವರಿಗೆ ಬರೆದುಕೊಟ್ಟ. ಅವನು ಈ ಮನೆಯಲ್ಲಿ ಒಂದು ರಾತ್ರಿ ಮಲಗಲಿಲ್ಲ, ಒಂದು ಲೋಟ ಕಾಫಿ ಕುಡಿಯಲಿಲ್ಲ. ಆದರೆ ಊರಿನ ಲೆಕ್ಕದಲ್ಲಿ ಪೆಟ್‌ವೇಗಳಿಗಿಂತ ಹಿಂದಿನ ಮಾಲೀಕ ಅವನೇ.

ಮೊದಲ ವಾರ ಹಾಲು ಬರಲಿಲ್ಲ. ಪೆಟ್‌ವೇ ಎಂಬ ಹೆಸರು ಕೇಳಿದರೆ ಸೌದೆಯವನಿಗೂ ಬಿಡುವಿರುತ್ತಿರಲಿಲ್ಲ. ಒಂದು ದಿನ ಬೇಸತ್ತ ವರ್ಡೆಲ್ ಫೋನಿನಲ್ಲಿ "ಹಾಲ್ವರ್ಸನ್ ಮನೆಯಿಂದ" ಎಂದಳು. ಮರುದಿನವೇ ಹಾಲೂ ಬಂತು, ಸೌದೆಯೂ ಬಂತು.

"ನೋಡಿದ್ರಾ ಡಾಕ್ಟ್ರೇ, ನಾನೀಗ ಮಿಸೆಸ್ ಹಾಲ್ವರ್ಸನ್," ಎಂದು ಅವಳು ನಕ್ಕಿದ್ದಳು. ಗಂಡನನ್ನು ಅವಳು ಡಾಕ್ಟ್ರೇ ಎಂದೇ ಕರೆಯುತ್ತಿದ್ದುದು, ಅರ್ಧ ಹೆಮ್ಮೆಗೆ, ಅರ್ಧ ಚೇಷ್ಟೆಗೆ.

"ಹೆಸರು ಅಂದ್ರೆ ಕೊಡೆ ಇದ್ದ ಹಾಗೆ ಕಣೇ," ಎಂದ ಆಲ್ಟನ್. "ಮಳೆ ನಿಲ್ಲೋ ತನಕ ಹಿಡ್ಕೊಂಡಿರೋಣ. ಆಮೇಲೆ ಮಡಚಿ ಮೂಲೇಲಿ ಇಟ್ರಾಯ್ತು."

ಮಳೆ ಯಾವಾಗ ನಿಂತಿತೋ ಇಬ್ಬರಿಗೂ ತಿಳಿಯಲಿಲ್ಲ. ನೆರೆಯವರು ನಿಧಾನಕ್ಕೆ ನಮಸ್ಕಾರ ಹೇಳಲು ಕಲಿತರು. ಮಗಳು ಊರಿನ ಶಾಲೆಯಲ್ಲಿ ಓದಿ ದೊಡ್ಡವಳಾಗಿ ಅಟ್ಲಾಂಟಾದಲ್ಲಿ ಸಂಸಾರ ಹೂಡಿದಳು. ವರ್ಡೆಲ್‌ಗೆ ಮಾತ್ರ ಬಾಯಿ ಪಾಠವಾಗಿಹೋಗಿತ್ತು. ಹೂವಿನ ಅಂಗಡಿಗೆ ಹಾಲ್ವರ್ಸನ್ ಮನೆ, ಟ್ಯಾಕ್ಸಿಗೆ ಹಾಲ್ವರ್ಸನ್ ಮನೆ.

ಕೆಲವು ವರ್ಷಗಳ ಹಿಂದೆ, ಚಳಿಗಾಲದ ಒಂದು ಬೆಳಿಗ್ಗೆ, ಆಲ್ಟನ್ ಮೆಟ್ಟಿಲ ಬುಡದಲ್ಲಿ ಎದೆ ಹಿಡಿದುಕೊಂಡು ಕುಸಿದ. ವರ್ಡೆಲ್ ಆಂಬುಲೆನ್ಸಿಗೆ ಫೋನು ಮಾಡಿದಳು. ರಸ್ತೆಯ ಹೆಸರು ಹೇಳಿ, "ಹಾಲ್ವರ್ಸನ್ ಮನೆ, ಬೇಗ ಬನ್ನಿ, ಬೇಗ" ಎಂದು ಕೂಗಿದಳು. ಫೋನಿಟ್ಟು ಓಡಿಬಂದು ಅವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಾಗ ಆಲ್ಟನ್ ಅವಳನ್ನೇ ನೋಡುತ್ತಿದ್ದ.

"ಈಗ್ಲೂನಾ, ವರ್ಡೆಲ್?" ಎಂದ.

ಅದೇ ಅವನ ಕೊನೆಯ ಮಾತು. ಈ ಮಾತನ್ನು ವರ್ಡೆಲ್ ಮಗಳಿಗೂ ಹೇಳಿರಲಿಲ್ಲ. ಆದರೆ ಅದು ಅವಳೊಳಗೆ ಒಂದು ದಿನವೂ ಸುಮ್ಮನಿರಲಿಲ್ಲ. ಈ ಮನೆಗೆ ಅವನ ಹೆಸರು ಬರಬೇಕು, ತಾನು ಕಣ್ಣು ಮುಚ್ಚುವುದರೊಳಗೆ ಬರಬೇಕು. ಅವಳಿಗೆ ಇದ್ದ ಆಸೆ ಅದೊಂದೇ.

"ಮಾರ್ಜ್, ಅದನ್ನ ಪೆಟ್‌ವೇ ಮನೆ ಅಂತ ಮಾಡಿಸ್ತೀಯಾ?"

ಮಾರ್ಜ್ ಮುಖ ಸಣ್ಣದು ಮಾಡಿದಳು. "ಇರೋರ ಹೆಸರು ಹಾಕೋ ಹಾಗಿಲ್ವಲ್ಲೇ. ಒಂದ್ಸಲ ಹೊಡೆದ ಬೋರ್ಡು ಆಮೇಲೆ ಬದಲಾಯ್ಸೋ ಹಾಗೂ ಇಲ್ಲ. ನಿಯಮ ಎಲ್ರಿಗೂ ಒಂದೇ. ನಾನು ಮದುವೆಯಾಗಿ ಬಂದಾಗಿಂದ ಬಿಂಗಮ್ ಮನೇಲೇ ಬಿದ್ದಿದೀನಿ, ಒಂದು ದಿನ ಬೇಜಾರು ಮಾಡ್ಕೊಂಡಿದೀನಾ? ಅಲ್ದೆ ಹಾಲ್ವರ್ಸನ್ ಅಂದ್ರೆ ಸುಮ್ನೆನಾ? ಮುಂದಿನ ಅಂಗಳದ ಆ ದೊಡ್ಡ ಬೀಚ್ ಮರ ನೆಟ್ಟೋನು ಅವನು! ಪ್ರತಿ ವರ್ಷ ಊರಿನ ಹಳೇ ಮನೆಗಳನ್ನ ತೋರ್ಸೋಕೆ ಜನರನ್ನ ಕರ್ಕೊಂಡು ಬಂದಾಗ ನಾನು ಅಲ್ಲೇ ನಿಂತು ಹೇಳ್ತೀನಿ."

ಹೇಳುತ್ತಿದ್ದಳು, ನಿಜ. ವರ್ಡೆಲ್ ಕಿಟಕಿಯ ಹಿಂದೆ ನಿಂತು ಅದನ್ನು ವರ್ಷ ವರ್ಷವೂ ಕೇಳುತ್ತಿದ್ದಳು. ಮೊದಲ ವಸಂತದಲ್ಲಿ ಬೆನ್ನು ಮುರಿಯುವ ತನಕ ಗುಂಡಿ ತೋಡಿ ಆ ಮರ ನೆಟ್ಟವನು ಆಲ್ಟನ್. ಅಂಗೈಯಲ್ಲಿ ಎದ್ದ ಬೊಬ್ಬೆಗೆ ಬೆಣ್ಣೆ ಹಚ್ಚಿದವಳು ಅವಳೇ. ಆದರೂ ಒಂದು ಸಲ ಬಾಯಿ ಬಿಟ್ಟಿರಲಿಲ್ಲ. ಇಂದು ತಡೆಯಲಾಗಲಿಲ್ಲ. ಹಾಲ್ವರ್ಸನ್ ಯಾರು, ಯಾಕೆ ಕೊಂಡ, ಮರ ನೆಟ್ಟವರು ಯಾರು, ಎಲ್ಲವನ್ನೂ ಹೇಳಿಬಿಟ್ಟಳು. ನಾಚಿಕೆಯಿಂದಲ್ಲ, ಸಿಟ್ಟಿನಿಂದ.

ಮಾರ್ಜ್ ಕೇಳುತ್ತಾ ಕೇಳುತ್ತಾ ಕಣ್ಣಲ್ಲಿ ನೀರು ತಂದುಕೊಂಡಳು. ವರ್ಡೆಲ್‌ಳ ಕೈಯನ್ನು ಎರಡೂ ಕೈಯಿಂದ ಹಿಡಿದಳು.

"ಅಯ್ಯೋ ದೇವರೇ! ಎಂಥ ಒಳ್ಳೆ ಮನುಷ್ಯ ಕಣೇ!"

"ಯಾರು?"

"ಹಾಲ್ವರ್ಸನ್! ಆ ಕಾಲದಲ್ಲಿ ಎಷ್ಟು ಧೈರ್ಯ ಬೇಕು ಹೇಳು! ಅವನ ಹೆಸರು ಇರೋದೇ ಸರಿಯಾಯ್ತು ಬಿಡು. ಶನಿವಾರ ನಾನು ಇದೇ ಕಥೆ ಹೇಳ್ತೀನಿ. ಲಾರ್ಚ್‌ವುಡ್ಡಲ್ಲಿ ಇಂಥೋರೂ ಇದ್ರು ಅಂತ ಜನಕ್ಕೆ ಗೊತ್ತಾಗ್ಲಿ."

"ಅವನು ಲಾರ್ಚ್‌ವುಡ್ಡಿನೋನಲ್ಲ ಮಾರ್ಜ್. ಇಲ್ಲಿ ಇರ್ಲೇ ಇಲ್ಲ."

"ಮಾಲೀಕ ಆಗಿದ್ನಲ್ಲ, ಅಷ್ಟು ಸಾಕು."

ವರ್ಡೆಲ್‌ಗೆ ನಗು ಬಂತು, ಬೆನ್ನಲ್ಲೇ ಸಿಟ್ಟೂ ಬಂತು. ಒಂದು ವಾರದ ಮಾಲೀಕ ಊರಿನವನಾದ. ಜೀವಮಾನವೆಲ್ಲ ಇಲ್ಲಿ ಸವೆಸಿದ ಆಲ್ಟನ್ ಅವನ ಕಥೆಯೊಳಗೆ ನೆರವು ಪಡೆದ ಒಬ್ಬ ಬಡಪಾಯಿಯಾದ. ಮಾರ್ಜ್ ಕೆಟ್ಟವಳಲ್ಲ. ಆಲ್ಟನ್ ಸತ್ತಾಗ ದಿನವೂ ಸೂಪು ಮಾಡಿಕೊಂಡು ಬಂದವಳು ಇವಳೇ. ಅದೇ ವರ್ಡೆಲ್‌ಗೆ ಸಂಕಟವಾದದ್ದು. ಬೈಯಬೇಕೆಂದರೂ ಎದುರಿಗೆ ಕೆಟ್ಟವರು ಯಾರೂ ಇರಲಿಲ್ಲ.

"ಬೋರ್ಡು ಬೇಡ," ಎಂದಳು.

"ಹುಚ್ಚು ಹಿಡಿದಿದ್ಯಾ? ಬೋರ್ಡಿಲ್ದಿದ್ರೆ, ನೀನು ಹೋದ ಮಾರನೇ ದಿನ ಯಂತ್ರ ತಂದು ಕೆಡವಿ ಹಾಕ್ತಾರೆ!"

"ಕೆಡವ್ಲಿ. ಆಗ ಊರಲ್ಲಿ ಏನಂತಾರೆ ಹೇಳು. ಯಾರ ಮನೆ ಕೆಡವಿದ್ರು ಅಂತಾರೆ?"

ಊರಿನ ರೂಢಿಯನ್ನು ಮಾರ್ಜ್‌ಗಿಂತ ಚೆನ್ನಾಗಿ ಬಲ್ಲವರು ಯಾರಿದ್ದರು? ಅವಳು ಮೇಜಿನ ಮೇಲಿನ ಬಟ್ಟೆಯ ಅಂಚನ್ನು ಮಡಚಿದಳು.

"ಪೆಟ್‌ವೇ ಮನೆ ಕೆಡವಿದ್ರು ಅಂತಾರೆ," ಎಂದಳು, ಪಿಸುದನಿಯಲ್ಲಿ.

"ಅಷ್ಟಾದ್ರೂ ಅಂತಾರಲ್ಲ."

ಮಾರ್ಜ್ ಕಾಫಿ ಮುಗಿಸದೆ ಎದ್ದುಹೋದಳು. ಅವಳು ಬೇಲಿ ದಾಟುವಾಗ ಬೀಚ್ ಮರದ ಕೆಳಗೆ ಒಂದು ಗಳಿಗೆ ನಿಂತು ಮೇಲೆ ನೋಡಿದ್ದು ಕಿಟಕಿಯಿಂದ ಕಾಣಿಸಿತು.

ವರ್ಡೆಲ್‌ಳ ಸಿಟ್ಟು ಇಳಿದ ಮೇಲೆ ಹೆದರಿಕೆ ಬಂತು. ಗಂಡ ಹತ್ತಿ ಇಳಿದ ಮೆಟ್ಟಿಲು, ಮಗಳ ಎತ್ತರ ಗುರುತು ಹಾಕಿದ ಬಾಗಿಲ ಚೌಕಟ್ಟು, ಎಲ್ಲವನ್ನೂ ತಾನೇ ಯಂತ್ರದ ಬಾಯಿಗೆ ಕೊಟ್ಟಂತಾಯಿತಲ್ಲ. ಮನೆಗೆ ಆಲ್ಟನ್‌ನ ಹೆಸರು ಬರುವುದು ಮನೆ ಬೀಳುವ ದಿನ. ಬದುಕಿರುವ ತನಕ ಇದಕ್ಕೆ ಬೇರೆ ಹಾದಿಯೇ ಇಲ್ಲವೇ ಎಂದುಕೊಂಡು ಕೂತವಳಿಗೆ, ಒಲೆಗೆ ಸೌದೆ ಮುಗಿದಿರುವುದು ನೆನಪಾಯಿತು. ಫೋನು ಎತ್ತಿದಳು.

"ಯಾವ ಮನೆಗಮ್ಮಾ?" ಎಂದ ಆ ಕಡೆಯ ಸೌದೆಯವನು.

ನಾಲಿಗೆ ಹಳೆಯ ಹಾದಿಗೆ ಹೊರಟಿತ್ತು. ಅವಳು ತಡೆದಳು.

"ಪೆಟ್‌ವೇ ಮನೆ."

"ಪೆಟ್... ಆ ರಸ್ತೇಲಿ ಅಂಥ ಮನೆ ಇಲ್ವಲ್ಲಮ್ಮಾ. ನಮ್ಮಪ್ಪನ ಕಾಲದಿಂದ ಅಲ್ಲಿಗೆ ಸೌದೆ ಹಾಕ್ತಿದೀವಿ. ಹಾಲ್ವರ್ಸನ್ ಮನೆ ಪಕ್ಕದ್ದಾ?"

"ಪಕ್ಕದ್ದಲ್ಲ. ಅದೇ ಜಾಗದ್ದು."

"ಓ, ಅದನ್ನ ಕೆಡವಿಬಿಟ್ರಾ? ಹೊಸದಾಗಿ ಕಟ್ಟಿದ್ದಾ?"

"ಇಲ್ಲಪ್ಪಾ. ಹಳೇದೇ. ಮೊದಲಿಂದ ಅಲ್ಲೇ ಇದೆ."

"ನಂಗೆ ಸಿಗುತ್ತೋ ಇಲ್ವೋ ಕಾಣೆ."

"ನೀನು ಬಾ. ಗೇಟಿನ ಹತ್ರ ನಿಂತಿರ್ತೀನಿ."

ಗೂಟಕ್ಕೆ ನೇತುಹಾಕಿದ್ದ ಆಲ್ಟನ್‌ನ ದಪ್ಪ ಕೋಟು ಹಾಕಿಕೊಂಡಳು. ತೋಳು ಉದ್ದವಾಗಿ ಬೆರಳು ಮುಚ್ಚಿಹೋದವು. ಹೊರಗೆ ಸರೋವರದ ಕಡೆಯಿಂದ ಕೊರೆಯುವ ಗಾಳಿ ಬೀಸುತ್ತಿತ್ತು. ಲಾರಿ ಬರುವುದು ಸಂಜೆಯಾದರೂ ಆಗಬಹುದಿತ್ತು. ವರ್ಡೆಲ್ ಗೇಟು ತೆರೆದು, ರಸ್ತೆಗೆ ಕಾಣುವಂತೆ, ಗಂಡ ನೆಟ್ಟ ಮರದ ಕೆಳಗೆ ನಿಂತುಕೊಂಡಳು.