ಶುದ್ಧಣ್ಣನ ಜರಡಿ

ಗಣಿತದ ಪುಸ್ತಕಗಳನ್ನು ಅಚ್ಚಿಗೆ ಅಣಿಮಾಡುವ ಆ ಕಚೇರಿಯಲ್ಲಿ, ಶುದ್ಧಣ್ಣನ ಜರಡಿಗೆ ಹೆದರದ, ಗಣಿತ ಜೋಡಿಸುವ ಲೇಟೆಕ್ ಎಂಬ ಲಿಪಿಯ ಕಡತವೇ ಹುಟ್ಟಿರಲಿಲ್ಲ. ಅವನು ಕಂಪ್ಯೂಟರಿನ ಕಪ್ಪು ಕಿಟಕಿಯಲ್ಲಿ, ತಾನೇ ಬರೆದ ಪ್ರೋಗ್ರಾಮಿನ ಹೆಸರು ‘ಜರಡಿ’ ಎಂದು ಹೊಡೆದು ಎಂಟರ್ ಕುಟ್ಟಿದರೆ ಸಾಕು, ಒಂಬತ್ತು ಸಾವಿರ ಸಾಲಿನ ಗೋಜಲು ರೆಪ್ಪೆ ಬಡಿಯುವಷ್ಟರಲ್ಲಿ ಮೂರು ಸಾವಿರಕ್ಕಿಳಿದು, ತಲೆ ಬಾಚಿಕೊಂಡು ನಿಲ್ಲುತ್ತಿತ್ತು. ಪರ್ಸೆಂಟ್ ಗುರುತಿನ ಮುಂದೆ ಬರೆದದ್ದು ಹೇಗೂ ಅಚ್ಚಾಗುವುದಿಲ್ಲವಲ್ಲ, ಅದನ್ನಂತೂ ಜರಡಿ ಹೊಟ್ಟಿನಂತೆ ತೂರಿಬಿಡುತ್ತಿತ್ತು. ಹಳೆಯದರ ನಕಲು ಇಟ್ಟುಕೊಳ್ಳುವುದು ಪುಕ್ಕಲರ ಕೆಲಸವೆಂದು ಅವನ ಎಣಿಕೆ.

ಅಕ್ಕ-ತಮ್ಮಂದಿರಾದ ಇಬ್ಬರು ಮೇಷ್ಟ್ರುಗಳು ಕಚೇರಿಯ ಯಂತ್ರದಲ್ಲೇ ಇದ್ದ ಒಂದೇ ಕಡತದಲ್ಲಿ, ತಮ್ಮತಮ್ಮ ಮನೆಯಿಂದಲೇ ಏಳು ವರ್ಷ ಬರೆದ ಪುಸ್ತಕವನ್ನು ಜರಡಿಯಾಡಿಸಿದ ಮರುದಿನ, ತಮ್ಮನಾದ ಮೇಷ್ಟ್ರು ಬಂದು ಶುದ್ಧಣ್ಣನ ಎದುರಿಗೆ ಕೂತರು. ಮುಖ ಸುಣ್ಣದ ಗೋಡೆಯಾಗಿತ್ತು.

“ಪುಸ್ತಕದಿಂದ ನನ್ನ ಹೆಸರು ತೆಗೀರಿ. ಅಕ್ಕ ಎಲ್ಲಾ ಅಳಿಸಿಬಿಟ್ಟಿದಾಳೆ.”

“ಏನನ್ನ, ಮೇಷ್ಟ್ರೇ?”

“ಪರ್ಸೆಂಟ್ ಸಾಲುಗಳನ್ನ. ನಮ್ಮಿಬ್ಬರಿಗೂ ಮಾತಿಲ್ಲ, ನಿಮಗೇ ಗೊತ್ತು. ಅಲ್ಲೇ ಬೈತಿದ್ಲು, ‘ಗೂಬೆ, ಮೂರನೇ ಪ್ರಮೇಯದ ಸಾಧನೆ ತಪ್ಪು’ ಅಂತ. ಹೋದ ವಾರ ಧೈರ್ಯ ಮಾಡಿ ‘ಮಂಡಿನೋವು ಹೇಗಿದೆ’ ಅಂತ ಬರೆದೆ. ಅದಕ್ಕೆ ಇದು ಉತ್ತರ!”

ಶುದ್ಧಣ್ಣನ ಎದೆಯೊಳಗೆ ನೂರು ಎಂಟರ್ ಕೀಲಿಗಳು ಒಟ್ಟಿಗೆ ಬಡಿದವು.

“ಅದು… ನನ್ನ ಜರಡಿ ಅಳಿಸಿದ್ದು.”

“ಬಿಡ್ರೀ, ಸಮಾಧಾನ ಮಾಡೋಕೆ ಸುಳ್ಳು ಬೇಡ. ಇಷ್ಟು ಚೊಕ್ಕವಾಗಿ ಅಳಿಸೋಳು ಲೋಕದಲ್ಲಿ ಅವಳೊಬ್ಬಳೇ.”

ತಾನು ಊರೆಲ್ಲ ಡಂಗುರ ಸಾರಿದ್ದ ಜರಡಿಯ ಜಾಣ್ಮೆಯನ್ನು ನಂಬಬೇಕಾದವರೇ ನಂಬಲಿಲ್ಲ. ಮೇಷ್ಟ್ರು ಎದ್ದು ಹೋದರು.

ಅಳಿದದ್ದು ಮರಳುವಂತಿರಲಿಲ್ಲ. ಶುದ್ಧಣ್ಣ ಕಡತದ ನೆತ್ತಿಯ ಮೇಲೆ, ಜನ್ಮದಲ್ಲಿ ಮೊದಲ ಬಾರಿಗೆ, ತಾನೇ ಒಂದು ಪರ್ಸೆಂಟ್ ಸಾಲು ಬರೆದ: “ಮೇಡಂ, ಹಳೆಯ ಮಾತುಗಳನ್ನು ಅಳಿಸಿದವನು ನಾನು, ಕಚೇರಿಯವನು. ನಿಮ್ಮ ತಮ್ಮನವರು ಮಂಡಿನೋವು ಹೇಗಿದೆ ಎಂದು ಕೇಳಿದ್ದರು.”

ಒಂದು ದಿನ ಏನೂ ಇಲ್ಲ. ಎರಡನೆಯ ದಿನವೂ ಇಲ್ಲ. ಬಾಯಲ್ಲಿ ಅನ್ನ ಮರಳಾಯಿತು, ಗಳಿಗೆಗೆ ಸಾವಿರ ಸಲ ಕಡತ ತೆರೆದು ನೋಡಿದ. ಮೂರನೆಯ ಬೆಳಿಗ್ಗೆ ಕೆಳಗೊಂದು ಸಾಲು ಕೂತಿತ್ತು: “ಅವನೇ ಅಳಿಸಿದ ಅಂದುಕೊಂಡು ಅತ್ತುಬಿಟ್ಟಿದ್ದೆ. ನೋವಿದೆ. ಗೂಬೆಗೆ ನೀವು ಹೇಳಬೇಡಿ, ಅವನೇ ಬಂದು ಓದಲಿ.”

ಶುದ್ಧಣ್ಣ ಫೋನ್ ಹಚ್ಚಿದ. ಐದನೇ ಸಲಕ್ಕೆ ಮೇಷ್ಟ್ರು ಎತ್ತಿಕೊಂಡರು.

“ಹೆಸರು ತೆಗೆದ್ರಾ?”

“ಇಲ್ಲ ಮೇಷ್ಟ್ರೇ. ದಮ್ಮಯ್ಯ, ಒಂದ್ಸಲ ಫೈಲ್ ನೋಡಿ.”

ಆ ಕಡೆ ಕುರ್ಚಿ ಎಳೆದ ಸದ್ದಾಯಿತು. ಫೋನನ್ನು ಕಿವಿಗೊತ್ತಿಕೊಂಡೇ ಶುದ್ಧಣ್ಣ ಇನ್ನೊಂದು ಕೈಯಲ್ಲಿ ಜರಡಿಯನ್ನು ಯಂತ್ರದಿಂದ ಕಿತ್ತುಹಾಕಿದ. ಬಹಳ ಹೊತ್ತಿನ ಮೇಲೆ, ಫೋನಿನ ಆ ತುದಿಯಲ್ಲಿ, ಮೇಷ್ಟ್ರ ಕೀಲಿಮಣೆಯ ಸದ್ದು ಕೇಳಿಸಿತು.