ಮಾವನ ಮುಕ್ಕಾಲು ಬೆಸುಗೆ

ವರ್ಕ್‌ಶಾಪಿನಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ಮೊಂಡಿ ಎಂದು. ಆ ಹೆಸರಿಟ್ಟವನು ವರ್ಕ್‌ಶಾಪಿನ ಯಜಮಾನನಾದ ಅವಳ ಸೋದರಮಾವ. ಅವಳ ಕೈಗೆ ಮೊದಲ ಸಲ ವೆಲ್ಡಿಂಗ್ ಟಾರ್ಚ್ ಕೊಟ್ಟವನೂ ಅವನೇ. ಪೈಪು ಬಗ್ಗಿಸುವುದರಲ್ಲಿ ಈಗ ಅವನಿಗಿಂತ ಅವಳದೇ ಒಂದು ಕೈ ಮೇಲು ಎಂಬುದು ಇಬ್ಬರಿಗೂ ಗೊತ್ತಿತ್ತು. ಅದನ್ನು ಬಾಯಿಬಿಟ್ಟು ಹೇಳುವಷ್ಟು ದೊಡ್ಡ ಮನಸ್ಸು ಮಾವನಿಗೆ ಇರಲಿಲ್ಲ, ಹೇಳಿಸಿಕೊಳ್ಳಬೇಕೆಂಬ ಆಸೆ ಅವಳಿಗೂ ಇರಲಿಲ್ಲ.

ಈ ಸಲದ ಕೆಲಸ ಮನೆಯದೇ. ಅವಳ ತಂಗಿ ರೇಸಿಗೆ ಇಳಿಸಲಿದ್ದ ಹಳೇ ಕಾರಿಗೆ ರೋಲ್ ಕೇಜ್ ಆಗಬೇಕಿತ್ತು. ಅದು ಕಾರಿನೊಳಗೆ ಕೂರಿಸುವ ಉಕ್ಕಿನ ಪೈಪುಗಳ ಪಂಜರ. ಕಾರು ಪಲ್ಟಿ ಹೊಡೆದಾಗ ಟಾಪು ಕುಸಿದು ಓಡಿಸುವವರ ತಲೆಯ ಮೇಲೆ ಕೂರದಂತೆ ತಡೆಯುವುದು ಅದೊಂದೇ. ಮೊಂಡಿ ತಂಗಿಗೆ ಹೆಲ್ಮೆಟ್ ಹಾಕಿಸಿ, ಬೆಲ್ಟು ಬಿಗಿದು ಸೀಟಿನಲ್ಲಿ ಕೂರಿಸಿ, ಅರ್ಧ ದಿನ ಅಲ್ಲಾಡಬೇಡ ಎಂದಳು. ತಲೆಗೂ ಪೈಪಿಗೂ ನಡುವೆ ಎಷ್ಟು ಜಾಗ, ಗೇರು ಬದಲಿಸುವಾಗ ಮೊಣಕೈ ಎಲ್ಲಿಗೆ ಬರುತ್ತದೆ, ಬೆಂಕಿ ಹತ್ತಿದರೆ ಬಾಗಿಲಿನಿಂದ ಎಷ್ಟು ಬೇಗ ಹೊರಗೆ ಬೀಳಬಹುದು ಎಂದೆಲ್ಲ ರಟ್ಟು ಕತ್ತರಿಸಿ, ತಂತಿ ಬಗ್ಗಿಸಿ ಅಳತೆ ಹಿಡಿದಳು. ಬಟ್ಟೆ ಹೊಲಿಯುವವನಿಗೂ ಇಷ್ಟು ಅಳತೆ ಕೊಟ್ಟಿಲ್ಲ ಎಂದು ತಂಗಿ ಹೆಲ್ಮೆಟ್ಟಿನೊಳಗಿಂದಲೇ ಗೊಣಗಿದಳು.

ಪೈಪುಗಳನ್ನು ಟಾಪಿಗೆ ಎಷ್ಟು ಒತ್ತಿ ಕೂರಿಸಿದರೆ ತಲೆಗೆ ಅಷ್ಟು ಜಾಗ ಸಿಗುತ್ತದೆ. ಹಾಗೆ ಒತ್ತಿದರೆ ಪೈಪಿಗೆ ಪೈಪು ಸೇರುವ ಕಡೆ, ಮೇಲಿನ ಮಗ್ಗುಲಿಗೆ ಟಾರ್ಚ್ ಹೋಗುವುದಿಲ್ಲ. ಅದಕ್ಕೆ ದಾರಿಯಿದೆ. ಪಂಜರದ ಕಾಲುಗಳನ್ನು ಕಾರಿನ ತಳಕ್ಕೆ ಬೆಸೆಯುವ ಮೊದಲು ತಳದಲ್ಲಿ ತೂತು ಕೊರೆದು, ಇಡೀ ಪಂಜರವನ್ನು ಒಂದು ಗೇಣು ಕೆಳಗಿಳಿಸಬೇಕು. ಮೇಲಿನ ಬೆಸುಗೆ ಸುತ್ತಲೂ ಮುಗಿದ ಮೇಲೆ ಮತ್ತೆ ಎತ್ತಿ, ಕಾಲಡಿಗೆ ದಪ್ಪ ತಗಡು ಕೊಟ್ಟು ಕೂರಿಸಬೇಕು. ಎರಡು ದಿನ ಹೆಚ್ಚು ಹಿಡಿಯುತ್ತದೆ, ಸೊಂಟ ಬಿದ್ದುಹೋಗುತ್ತದೆ.

ಮೊಂಡಿ ಅಷ್ಟನ್ನೂ ಮಾಡುವವಳೇ ಇದ್ದಳು. ಅಷ್ಟರಲ್ಲಿ ಅಮ್ಮನ ಕಣ್ಣಿನ ಆಪರೇಷನ್ ಬಂತು. ಪೈಪುಗಳನ್ನು ಅಲ್ಲಲ್ಲಿ ಚುಕ್ಕೆಯಷ್ಟು ಬೆಸೆದು ನಿಲ್ಲಿಸಿ, ಐದು ದಿನ ಆಸ್ಪತ್ರೆಯ ಬೆಂಚು ಸವೆಸಿದಳು. ಐದನೇ ದಿನ ಮಾವ ಅಲ್ಲಿಗೇ ಬಂದ. ಕೇಜು ಮುಗಿಸಿದ್ದಾಯಿತು, ಬಣ್ಣವೂ ಆಯಿತು, ರೇಸ್ ಕ್ಲಬ್ಬಿನ ಇನ್ಸ್‌ಪೆಕ್ಟರು ಬಂದು ನೋಡಿ ಪಾಸಾದ ಚೀಟಿ ಅಂಟಿಸಿ ಹೋದರು, ಭಾನುವಾರ ನಿನ್ನ ತಂಗಿ ಧಾರಾಳವಾಗಿ ಓಡಿಸಬಹುದು ಎಂದ. ಉಪಕಾರ ಮಾಡಿದವನ ಸಂತೋಷ ಅವನ ಮುಖದಲ್ಲಿ ಎದ್ದು ಕಾಣುತ್ತಿತ್ತು. ಇಷ್ಟು ಬೇಗ ಹೇಗೆ ಮುಗಿಯಿತು ಎಂಬ ಮಾತು ಮೊಂಡಿಯ ನಾಲಿಗೆಯ ತುದಿಗೆ ಬಂದಿತ್ತು. ಅಮ್ಮನ ಎದುರಿಗೆ ಬೇಡವೆಂದು ನುಂಗಿಕೊಂಡಳು.

ಶುಕ್ರವಾರ ಬೆಳಿಗ್ಗೆ ವರ್ಕ್‌ಶಾಪಿಗೆ ಹೋದವಳು ಚೀಲವನ್ನೂ ಕೆಳಗಿಡದೆ ಕಾರಿನೊಳಗೆ ತೂರಿದಳು. ಪೈಪಿಗೂ ಟಾಪಿಗೂ ನಡುವಿನ ಸಂದಿನಲ್ಲಿ ಬೆರಳು ಮಾತ್ರ ಹೋಗುತ್ತದೆ. ಬೆಸುಗೆಯಿದ್ದರೆ ಬೆರಳಿಗೆ ಸಣ್ಣ ಸಣ್ಣ ಏರಿಳಿತ ಸಿಗಬೇಕು. ಸಿಕ್ಕಿದ್ದು ಬೋಳು ನುಣುಪು. ಸ್ಕ್ರೂಡ್ರೈವರಿನಿಂದ ಕೆರೆದಳು. ಸಂದು ಮುಚ್ಚಲು ಮೆತ್ತುವ ಪುಟ್ಟಿ ಪುಡಿಪುಡಿಯಾಗಿ ಉದುರಿ ಸೀಟಿನ ಮೇಲೆ ಬಿತ್ತು. ಒಂದು ಕಡೆಯಲ್ಲ, ಎಂಟು ಕಡೆ. ಮಾವ ಕಾಲುಗಳನ್ನು ಮೊದಲೇ ತಳಕ್ಕೆ ಬೆಸೆದುಬಿಟ್ಟು, ಆಮೇಲೆ ಮೇಲೆ ಟಾರ್ಚ್ ಹೋಗದೆ, ಸಂದಿಗೆ ಪುಟ್ಟಿ ಮೆತ್ತಿ ಬಣ್ಣ ಬಳಿದಿದ್ದ. ಉದುರಿದ ಪುಡಿಯನ್ನು ಮುಷ್ಟಿಯಲ್ಲಿ ಹಿಡಿದು ನೇರ ಮಾವನ ಮುಂದೆ ಹೋಗಿ ನಿಂತಳು.

ಮಾವ ಏನನ್ನೂ ಮುಚ್ಚಿಡಲಿಲ್ಲ. ಮುಚ್ಚಿಡುವಂಥದ್ದು ಇದರಲ್ಲಿ ಏನಿದೆ ಎಂಬುದೇ ಅವನಿಗೆ ಅರ್ಥವಾಗಲಿಲ್ಲ.

"ಮೂರು ಮಗ್ಗುಲು ಗಟ್ಟಿಯಾಗಿ ಬೆಸೆದಿದೀನಲ್ಲ, ನಾಲ್ಕನೇದು ಯಾರಿಗೆ ಕಾಣುತ್ತೆ? ಮೂವತ್ತು ವರ್ಷದಿಂದ ಹೀಗೇ ಮಾಡ್ತಿದೀನಿ. ಒಬ್ಬನ ತಲೆಗೂ ಏನೂ ಆಗಿಲ್ಲ."

"ಒಬ್ಬನೂ ತಲೆಕೆಳಗಾಗಿಲ್ಲ, ಅದಕ್ಕೆ" ಎಂದಳು ಮೊಂಡಿ.

ಕೇಜು ಕೊಯ್ದರೆ ಚೀಟಿ ರದ್ದು. ಇನ್ಸ್‌ಪೆಕ್ಟರು ಮತ್ತೆ ಬರುವುದು ಮುಂದಿನ ತಿಂಗಳು. ತಂಗಿ ಒಂದು ವರ್ಷದಿಂದ ಕಾಯ್ದುಕೊಂಡಿದ್ದ ರೇಸು ನಾಡಿದ್ದು. ವಿಷಯ ತಿಳಿದು ಓಡಿಬಂದ ತಂಗಿ ಮೊದಲು ಹೇಳಿದ್ದು, ಇದೊಂದು ರೇಸು ಓಡಿಸಿಬಿಡುತ್ತೇನೆ, ಸೋಮವಾರ ಬೇಕಾದಂತೆ ಕೊಯ್ದುಕೋ ಎಂದು. ಹುಡುಗಿಯ ಆಸೆಗೆ ಕಲ್ಲು ಹಾಕಬೇಡ ಎಂದು ಮಾವ ಅವಳ ಬೆನ್ನಿಗೆ ನಿಂತ. ಓಡಿಸುವವಳೇ ಒಪ್ಪಿದ ಮೇಲೆ ನಿನ್ನದೇನು ಎಂದೂ ಕೇಳಿದ.

ಮೊಂಡಿಗೆ ತಂಗಿಯ ಮುಖ ನೋಡಲಾಗಲಿಲ್ಲ. ನೋಡಿದರೆ ಎಲ್ಲಿ ಮೆತ್ತಗಾಗುತ್ತೇನೋ ಎಂಬ ಭಯ. ಬಗ್ಗಿ ಕಾರಿನೊಳಗೆ ಕೈಹಾಕಿ, ಪೈಪಿನ ಮೇಲಿದ್ದ ಚೀಟಿಯನ್ನು ಉಗುರಿನಿಂದ ಎಬ್ಬಿಸಿ ಪರ್ರನೆ ಕಿತ್ತಳು.

"ಇನ್ನು ಕೊಯ್ಯೋಕೆ ಗ್ರೈಂಡರ್ ಮುಟ್ಟಿದ್ರೆ ಈ ಶೆಡ್ಡಿಗೆ ಮತ್ತೆ ಕಾಲಿಡಬೇಡ" ಎಂದ ಮಾವ.

"ಆಯ್ತು ಮಾವ. ಕೊಯ್ದು ಮುಗಿಸಿ ಹೋಗ್ತೀನಿ."

ಮಾವ ಧಡಧಡನೆ ಹೊರಟುಹೋದ. ತಂಗಿ ಬಾಯಿಗೆ ಬಂದದ್ದನ್ನೆಲ್ಲ ಅಂದಳು. ನಿನ್ನ ಮೊಂಡುತನಕ್ಕೆ ನನ್ನ ಬದುಕೇ ಬೇಕಾಯಿತಾ ಎಂದಳು. ಮೊಂಡಿ ಕಿವಿಗೆ ಹತ್ತಿ ತುರುಕಿಕೊಂಡು ಗ್ರೈಂಡರ್ ಶುರುಮಾಡಿದಳು. ಆರು ಕಾಲುಗಳನ್ನು ಕೊಯ್ದಳು, ತಳಕ್ಕೆ ತೂತು ಹೊಡೆದಳು. ಪಂಜರವನ್ನು ಇಳಿಸುವ ಹೊತ್ತಿಗೆ ಶನಿವಾರ ಮಧ್ಯಾಹ್ನ. ಒಬ್ಬಳಿಂದ ಆಗುವ ಕೆಲಸವಲ್ಲ ಅದು. ಬಾಗಿಲ ಬಳಿ ಮುಖ ಊದಿಸಿಕೊಂಡು ಕೂತಿದ್ದ ತಂಗಿ ಎದ್ದು ಬಂದು ಇನ್ನೊಂದು ತುದಿ ಹಿಡಿದಳು. ಪಂಜರ ಒಂದು ಗೇಣು ಇಳಿಯಿತು. ಮೇಲಿನ ಮಗ್ಗುಲು ಹಗಲು ಬೆಳಕಿಗೆ ಬಂತು. ಉಕ್ಕಿಗೂ ಉಕ್ಕಿಗೂ ನಡುವೆ ಬಿರುಕು ಬಾಯಿ ಬಿಟ್ಟುಕೊಂಡಿತ್ತು. ತಂಗಿ ಅದರೊಳಗೆ ಉಗುರು ತೂರಿಸಿ ನೋಡಿದಳು. ಉಗುರು ಸಲೀಸಾಗಿ ಹೋಯಿತು. ಅವಳು ಹೆಲ್ಮೆಟ್ಟಿಲ್ಲದ ತನ್ನ ತಲೆಯನ್ನು ಒಮ್ಮೆ ಮುಟ್ಟಿಕೊಂಡಳು.

ಮಾವ ಬಂದದ್ದು ಆಗಲೇ, ಮೊಂಡಿಯನ್ನು ಹೊರಗೆ ಹಾಕಲೆಂದು. ಆದರೆ ಕಣ್ಣು ಬಿರುಕಿನ ಮೇಲೆ ಬಿತ್ತು. ಮೂವತ್ತು ವರ್ಷದಲ್ಲಿ ತನ್ನ ಬೆಸುಗೆಯ ಮೇಲ್ಭಾಗವನ್ನು ಅವನು ಒಮ್ಮೆಯೂ ಕಂಡಿರಲಿಲ್ಲ. ಬಂದ ಸಿಟ್ಟಿಗೆ ದಾರಿ ಕಾಣದೆ ದನಿ ಏರಿಸಿದ.

"ಇಂಥವು ನಲವತ್ತು ಮಾಡಿದೀನಿ ನಾನು. ನಲವತ್ತನ್ನೂ ಕೊಯ್ತೀಯಾ?"

ಅವಳ ಬಾಯಿ ಮುಚ್ಚಿಸಲು ಆಡಿದ ಮಾತದು. ಮೊಂಡಿ ಮುಖದ ಕವಚ ತೆಗೆದಿಟ್ಟು ಸೀಮೆಸುಣ್ಣ ಕೈಗೆ ತೆಗೆದುಕೊಂಡಳು.

"ಕೊಯ್ತೀನಿ. ಯಾರ್ಯಾರದ್ದು, ಹೇಳಿ."

ಹೆಸರು ಹೇಳತೊಡಗಿದ್ದು ಮಾವನಲ್ಲ, ತಂಗಿ. ನಾಳೆ ತನ್ನ ಜೊತೆ ಓಡಿಸಬೇಕಿದ್ದವರೆಲ್ಲ ಅವಳಿಗೆ ಗೊತ್ತು, ಯಾರ ಕೇಜು ಯಾರ ಕೈಯದೆಂಬುದೂ ಹೆಚ್ಚುಕಡಿಮೆ ಗೊತ್ತು. ಬಿಳಿ ಕಾರಿನ ಹಲ್ಲಿನ ಡಾಕ್ಟರು ಎಂದಳು. ಟೈರ್ ಅಂಗಡಿಯ ಗಂಡ ಹೆಂಡತಿ, ಇಬ್ಬರದೂ. ಡ್ರೈವಿಂಗ್ ಶಾಲೆ ಮೇಷ್ಟ್ರು. ಮೊಂಡಿ ತಗಡಿನ ಗೋಡೆಯ ಮೇಲೆ ಒಂದರ ಕೆಳಗೊಂದು ಬರೆಯುತ್ತ ಹೋದಳು. ಏಳನೆಯದಾಗಿ ತಂಗಿ ಬೇಕರಿಯವನ ಕೆಂಪು ಕಾರು ಎಂದಳು.

"ಅದು ನಂದಲ್ಲ" ಎಂದ ಮಾವ.

ಅಕ್ಕ ತಂಗಿಯರಿಬ್ಬರೂ ತಿರುಗಿ ನೋಡಿದರು. ಮಾವನ ಕಣ್ಣು ಮಾತ್ರ ಆ ಬಿರುಕನ್ನು ಬಿಟ್ಟು ಕದಲಿರಲಿಲ್ಲ.

"ಅವನ ಅಣ್ಣನ ಕೇಜು ನಂದು. ನಾಳೆ ಮೊದಲನೇ ಸಾಲಲ್ಲೇ ನಿಲ್ತಾನೆ. ಬರ್ಕೋ."