ಶೇಷಮ್ಮ ಬರೆದ ವರದಿ

ಕಮ್ಮರಡಿ ಉಪಕೇಂದ್ರದ ನರ್ಸ್ ಶೇಷಮ್ಮ ಎಂದರೆ ಸುತ್ತಿನ ಊರುಗಳಿಗೆಲ್ಲ ಒಂದು ಧೈರ್ಯ. ಇಪ್ಪತ್ತೆರಡು ವರ್ಷದಲ್ಲಿ ಆರುನೂರಕ್ಕೂ ಹೆಚ್ಚು ಹೆರಿಗೆ ಮಾಡಿಸಿದ ಕೈ ಅದು. ಅವಳು ಬಸ್ಸು ಹತ್ತಿದರೆ ಕಂಡಕ್ಟರೇ ಸೀಟು ಬಿಡಿಸಿಕೊಡುತ್ತಿದ್ದ. ಆ ಹುಡುಗನೂ ಅವಳ ಕೈಯಲ್ಲೇ ಹುಟ್ಟಿದವನು.

2006ರ ಮಾರ್ಚಿನಲ್ಲಿ ಭವ್ಯ ಎಂಬ ಹುಡುಗಿಯ ಚೊಚ್ಚಲ ಹೆರಿಗೆಯಾಯಿತು. ಹೆಣ್ಣುಮಗು ಗಟ್ಟಿಯಾಗಿ ಅತ್ತಿತು, ಮಾಸೂ ಬಿತ್ತು, ಆದರೆ ರಕ್ತ ನಿಲ್ಲಲಿಲ್ಲ. ಜೀಪಿನಲ್ಲಿ ಶಿವಮೊಗ್ಗಕ್ಕೆ ಸಾಗಿಸುವಾಗ ಮಂಡಗದ್ದೆಯ ಹತ್ತಿರ ಭವ್ಯಳ ಉಸಿರು ನಿಂತಿತು. ವಿಚಾರಣೆಗೆ ಬಂದ ವೈದ್ಯಾಧಿಕಾರಿಗಳು ನರ್ಸಿನದು ಏನೂ ತಪ್ಪಿಲ್ಲವೆಂದು ಬರೆದು ಹೋದರು. ಶೇಷಮ್ಮ ಮಾತ್ರ ಒಪ್ಪಲಿಲ್ಲ. ಅವತ್ತಿನಿಂದ ಅವಳು ಹೆರಿಗೆ ಮಾಡಿಸುವುದನ್ನೇ ಬಿಟ್ಟಳು. ನೋವು ಕಾಣಿಸಿಕೊಂಡ ಬಸುರಿಯರನ್ನೆಲ್ಲ ಕೊಪ್ಪದ ಆಸ್ಪತ್ರೆಗೆ ಅಟ್ಟಿದಳು. ಮಾತು ಸಿಡುಕಾಯಿತು, ಊಟ ಸೇರದಾಯಿತು. ಭವ್ಯಳ ಮಗುವಿಗೆ ಚುಚ್ಚುಮದ್ದು ಹಾಕುವ ದಿನ ಬಂದಾಗೆಲ್ಲ ಪಕ್ಕದ ಉಪಕೇಂದ್ರದ ರಮ್ಯಳನ್ನು ಕಳಿಸಿ, ತಾನು ಆ ದಾರಿಯನ್ನೇ ತುಳಿಯಲಿಲ್ಲ.

ನವೆಂಬರಿನಲ್ಲಿ ಕೊಪ್ಪದ ಆರೋಗ್ಯ ಕಚೇರಿಯಿಂದ ಆದೇಶ ಬಂತು. ಆರೈಕೆ ಮಾಡುವವರು ತಮ್ಮನ್ನು ತಾವು ಆರೈಕೆ ಮಾಡಿಕೊಳ್ಳುವ ತರಬೇತಿಯಂತೆ, ಮೂರು ಶನಿವಾರ, ಹಾಜರಿ ಕಡ್ಡಾಯ. ಕಲಿಸಲು ಬಂದವಳು ನರಸಿಂಹರಾಜಪುರದ ಗೌಸಿಯಾ. ಬೆಂಗಳೂರಿನಲ್ಲಿ ಹದಿನೆಂಟು ವರ್ಷ ಮನೋರೋಗಿಗಳ ವಾರ್ಡಿನಲ್ಲಿ ದುಡಿದು, ಹಾಸಿಗೆ ಹಿಡಿದ ತಾಯಿಯನ್ನು ನೋಡಿಕೊಳ್ಳಲು ಊರಿಗೆ ಮರಳಿದ್ದಳು. ವಯಸ್ಸಿನಲ್ಲಿ ಶೇಷಮ್ಮನಿಗಿಂತ ನಾಲ್ಕೈದು ವರ್ಷ ಚಿಕ್ಕವಳು.

ಮೊದಲ ಶನಿವಾರ ಗೌಸಿಯಾ ಎಲ್ಲರಿಗೂ ಕಣ್ಣುಮುಚ್ಚಿ ಎದೆಯ ಮೇಲೆ ಕೈಯಿಟ್ಟುಕೊಳ್ಳಲು ಹೇಳಿದಳು. ಉಸಿರು ಬರುವುದು, ಹೋಗುವುದು ಗಮನಿಸಿ ಎಂದಳು. ಆಮೇಲೆ ಮೂರು ಮಾತು ಹೇಳಿಕೊಟ್ಟಳು. ಈಗ ನನಗೆ ಕಷ್ಟವಾಗಿದೆ. ಇಂಥ ಕಷ್ಟ ನನ್ನೊಬ್ಬಳಿಗೇ ಬಂದದ್ದಲ್ಲ. ಈ ಹೊತ್ತಿನಲ್ಲಿ ನನಗೆ ನಾನು ಆಸರೆಯಾಗುತ್ತೇನೆ.

ಶೇಷಮ್ಮ ಕಣ್ಣು ಮುಚ್ಚಲೂ ಇಲ್ಲ, ಕೈಯಿಡಲೂ ಇಲ್ಲ.

"ಮೇಡಂ, ತಪ್ಪು ಮಾಡಿದೋರೂ ಹೀಗೆ ಎದೆ ಸವರಿಕೊಂಡು ಕೂತ್ರೆ ಎಂತ ಕಥೆ? ನಮ್ಮನ್ನ ನಾವು ಬಿಗಿಯಾಗಿ ಇಟ್ಕೊಳ್ದಿದ್ರೆ ಜನ ಸಾಯ್ತಾರೆ" ಎಂದು ಎಲ್ಲರೆದುರಿಗೆ ಕೇಳಿಬಿಟ್ಟಳು.

ಗೌಸಿಯಾ ಸಿಟ್ಟಾಗಲಿಲ್ಲ. "ಒಳ್ಳೆ ಪ್ರಶ್ನೆ ಶೇಷಮ್ಮನೋರೆ. ಉತ್ತರ ನಾನು ಹೇಳೋದಲ್ಲ, ಮುಂದಿನ ವಾರ ನೀವೇ ಹೇಳಿ" ಎಂದಳು.

ಎರಡನೇ ಶನಿವಾರ ಒಬ್ಬೊಬ್ಬರಿಗೂ ಒಂದು ಹಾಳೆ ಕೊಟ್ಟಳು. ಮನಸ್ಸನ್ನು ಬಿಟ್ಟುಹೋಗದ ಒಂದು ದಿನವನ್ನು ವಾರ್ಡಿನ ವರದಿಯ ಹಾಗೆ ಬರೆಯಬೇಕು. ಹೊತ್ತು, ಆದದ್ದು, ಮಾಡಿದ್ದು, ಅಷ್ಟೇ. 'ನಾನು' ಅನ್ನುವಂತಿಲ್ಲ, 'ನರ್ಸ್' ಅನ್ನಬೇಕು. ವರದಿ ಬರೆಯುವುದರಲ್ಲಿ ಶೇಷಮ್ಮನನ್ನು ಮೀರಿಸುವವರು ತಾಲ್ಲೂಕಿನಲ್ಲಿರಲಿಲ್ಲ. ತಲೆಯೆತ್ತದೆ ಬರೆದಳು. ಓದುವ ಸರದಿ ಬಂದಾಗ ಎದ್ದು ನಿಂತು, ಮೀಟಿಂಗಿನಲ್ಲಿ ಓದುವ ದನಿಯಲ್ಲೇ ಶುರುಮಾಡಿದಳು.

"ಬೆಳಿಗ್ಗೆ ಹತ್ತು ನಲವತ್ತು, ಹೆಣ್ಣುಮಗು ಜನನ. ಹತ್ತು ಐವತ್ತೈದು, ಮಾಸು ಪೂರ್ತಿ ಬಿದ್ದಿದೆ. ಹನ್ನೊಂದು, ರಕ್ತಸ್ರಾವ ಹೆಚ್ಚು. ನರ್ಸ್ ಇಂಜೆಕ್ಷನ್ ಕೊಟ್ಟಳು. ಹೊಟ್ಟೆಯ ಮೇಲಿಂದ ಗರ್ಭಕೋಶ ತಿಕ್ಕಿದಳು. ಜೀಪಿಗೆ ಹೇಳಿಕಳಿಸಿದಳು. ಹನ್ನೊಂದು ಇಪ್ಪತ್ತೈದು, ಜೀಪು ಹೊರಟಿತು. ನರ್ಸ್ ಜೀಪಿನೊಳಗೆ ಮಂಡಿಯೂರಿ ಕೂತು ಗರ್ಭಕೋಶವನ್ನು ಒತ್ತಿ ಹಿಡಿದಳು. ಹನ್ನೆರಡು ಐವತ್ತು, ಮಂಡಗದ್ದೆ. ಅಲ್ಲಿಯವರೆಗೆ ನರ್ಸ್ ಕೈ..."

ಅಲ್ಲಿಗೆ ದನಿ ನಿಂತಿತು. ಆ ಸಾಲನ್ನು ಮತ್ತೆ ಓದಿದಳು. "ಅಲ್ಲಿಯವರೆಗೆ ನರ್ಸ್ ಕೈ ತೆಗೆಯಲಿಲ್ಲ."

ಗೌಸಿಯಾ ಮೆಲ್ಲಗೆ ಕೇಳಿದಳು. "ಈ ನರ್ಸ್ ನಿಮ್ಮ ಕೈಕೆಳಗಿನೋಳಾಗಿದ್ರೆ ಅವಳಿಗೆ ಏನು ಹೇಳ್ತಿದ್ರಿ?"

"ಹೇಳೋದೆಂತ?" ಶೇಷಮ್ಮನ ಬಾಯಿಗೆ ಮಾತು ಥಟ್ಟನೆ ಬಂತು. "ಇಂಥೋಳನ್ನ ಯಾರಿಗೂ ಬಿಟ್ಟುಕೊಡ್ತಿರ್ಲಿಲ್ಲ. ಯಾರಾದ್ರೂ ಬೈದ್ರೆ ಅವರ ಮೇಲೇ ಬೀಳ್ತಿದ್ದೆ. ಮೊದಲು ಒಂದು ಲೋಟ ಕಾಫಿ ಕೊಟ್ಟು ಕೂರಿಸ್ತಿದ್ದೆ, ಪಾಪ, ಅವಳ ಕೈ ಎಷ್ಟು ಸೋತಿರ್ಬೇಕು..."

ತಾನು ಆಡಿದ ಮಾತು ತನ್ನ ಕಿವಿಗೇ ಬಿತ್ತು. ಎಂಟು ತಿಂಗಳಿಂದ ಬಾರದ ಅಳು ಒಮ್ಮೆಗೇ ಬಂತು. ಬಲಗೈ ತಾನಾಗಿ ಎದೆಗೆ ಹೋಯಿತು. ರಮ್ಯ ಎದ್ದುಬರಲು ಹೊರಟಳು, ಗೌಸಿಯಾ ಬೇಡವೆಂದು ಸನ್ನೆ ಮಾಡಿದಳು. ಆ ಅಳುವಿಗೆ ಶೇಷಮ್ಮನ ಕೈಯೇ ಆಸರೆಯಾಗಬೇಕಿತ್ತು.

"ಇವತ್ತು ಅತ್ತು ಹಗುರಾಯ್ತು ಅಂತ ಬಿಟ್ಟುಬಿಡ್ಬೇಡಿ" ಎಂದು ಹೊರಡುವಾಗ ಗೌಸಿಯಾ ಹೇಳಿದಳು. "ದಿನಾ ಮಾಡ್ಬೇಕು. ಕೆಲವು ದಿನ ಎಂತದೂ ಅನ್ನಿಸಲ್ಲ, ಆದ್ರೂ ಮಾಡ್ಬೇಕು."

ಶೇಷಮ್ಮ ಮಾಡಿದಳು. ಬೆಳಿಗ್ಗೆ ಉಪಕೇಂದ್ರದ ಬೀಗ ತೆಗೆದ ಮೇಲೆ ಹತ್ತು ನಿಮಿಷ ಬೆಂಚಿನ ಮೇಲೆ ಕೂರುತ್ತಿದ್ದಳು. ಕೆಲವು ದಿನ ಮೂರು ಮಾತೂ ಒಣಗಿದ ಸೊಪ್ಪಿನ ಹಾಗೆ ಇರುತ್ತಿದ್ದವು, ಕೆಲವು ದಿನ ಎದೆಯೊಳಗೆ ಇಳಿಯುತ್ತಿದ್ದವು.

ಡಿಸೆಂಬರಿನಲ್ಲಿ ಭವ್ಯಳ ಮಗುವಿಗೆ ಒಂಬತ್ತು ತಿಂಗಳು ತುಂಬಿತು. ದಡಾರದ ಚುಚ್ಚುಮದ್ದಿಗೆ ಹೊರಟ ರಮ್ಯಳ ಕೈಯಿಂದ ಐಸ್ ಡಬ್ಬಿ ತೆಗೆದುಕೊಂಡು ಶೇಷಮ್ಮ ತಾನೇ ಹೋದಳು. ಅವರ ಮನೆಯ ಬೇಲಿಯ ದಣಪೆ ಸರಿಸಲು ಹೋದ ಕೈಯನ್ನು ಹಿಂತೆಗೆದಳು. ಅಲ್ಲೇ ನಿಂತು ಎದೆಯ ಮೇಲೆ ಕೈಯಿಟ್ಟು, "ಹೆದರಿಕೆ ಆಗ್ತಾ ಇದೆ. ಆಗ್ಲಿ. ನಾನು ಜೊತೆಗಿದ್ದೀನಿ" ಎಂದು ತನಗೆ ತಾನೇ ಹೇಳಿಕೊಂಡು ಒಳಗೆ ನಡೆದಳು.

ಭವ್ಯಳ ಅತ್ತೆ ಸೀತಕ್ಕ ಕೂಸನ್ನು ಸೊಂಟಕ್ಕೇರಿಸಿಕೊಂಡು ಜಗಲಿಗೆ ಬಂದಳು. ಕಂಡವಳೇ, "ಇಷ್ಟು ದಿನ ಎಲ್ಲಿ ಹೋಗಿದ್ರಿ ಮಾರಾಯ್ತಿ?" ಎಂದು ಗದರಿದಳು.

"ನಿಮ್ಮ ಮುಖ ನೋಡೋಕೆ ಆಗ್ಲಿಲ್ಲ ಸೀತಕ್ಕ."

"ಎಂತಕ್ಕೆ? ಆ ಜೀಪಲ್ಲಿ ನಾನೂ ಇರ್ಲಿಲ್ವಾ? ನಿಮ್ಮ ಕೈ ನಡುಗ್ತಾ ಇತ್ತು, ಆದ್ರೂ ತೆಗೀಲಿಲ್ಲ. ನಾನು ಕಣ್ಣಾರೆ ಕಂಡೋಳು. ನನಗೆ ಅದರ ಸಿಟ್ಟಲ್ಲ. ಸೊಸೆ ಹೋದ್ಲು, ಆಮೇಲೆ ನೀವೂ ಬರೋದು ಬಿಟ್ರಲ್ಲ, ಅದರ ಸಿಟ್ಟು."

ಮಾಡದ ತಪ್ಪಿಗೆ ಇಷ್ಟು ದಿನ ತನ್ನನ್ನು ದಂಡಿಸಿಕೊಂಡವಳು, ಮಾಡಿದ ತಪ್ಪನ್ನು ನೋಡಿಯೇ ಇರಲಿಲ್ಲ. "ಅದು ನನ್ನ ತಪ್ಪೇ ಸೀತಕ್ಕ, ತಪ್ಪಾಯ್ತು" ಎಂದಳು. ಹೇಳಿ ಮುಗಿದಾಗ ಕುಸಿದುಹೋಗಲಿಲ್ಲ, ನೆಟ್ಟಗೇ ನಿಂತಿದ್ದಳು. ಚುಚ್ಚಿಸಿಕೊಂಡ ಕೂಸು ಊರು ಕೇಳುವ ಹಾಗೆ ಕಿರುಚಿತು. ಇಬ್ಬರೂ ನಕ್ಕರು, ಕಣ್ಣೂ ಒರೆಸಿಕೊಂಡರು.

ಜನವರಿಯಲ್ಲಿ ಶೇಷಮ್ಮ ಮತ್ತೆ ಹೆರಿಗೆ ಮಾಡಿಸಿದಳು. ಗಂಡುಮಗು, ಬಾಣಂತಿ ಕ್ಷೇಮ. ಅಪಾಯದ ಲಕ್ಷಣ ಕಂಡವರನ್ನು ಮೊದಲೇ ದೊಡ್ಡಾಸ್ಪತ್ರೆಗೆ ಕಳಿಸುತ್ತಿದ್ದಳು. ಆದರೆ ಅದು ಈಗ ವಿವೇಕದಿಂದ, ಹೆದರಿಕೆಯಿಂದಲ್ಲ.

2008ರಲ್ಲಿ ಶೃಂಗೇರಿಯ ನರ್ಸುಗಳಿಗೆ ಅದೇ ತರಬೇತಿ ನಿಗದಿಯಾಯಿತು. ಗೌಸಿಯಾ ಫೋನು ಮಾಡಿ, "ಈ ಸಲ ನೀವೇ ನಡೆಸ್ಬೇಕು ಶೇಷಕ್ಕ" ಎಂದಳು. ಶೇಷಮ್ಮ ಎರಡು ದಿನ ಯೋಚಿಸಿ ಒಪ್ಪಿದಳು. ಇಪ್ಪತ್ತಾರು ಜನರ ಮುಂದೆ ನಿಂತು ಪುಸ್ತಕದ ಮಾತು ಒಂದನ್ನೂ ಆಡಲಿಲ್ಲ, ಭವ್ಯಳ ವಿಷಯ ಮುಚ್ಚಿಡದೆ ಹೇಳಿದಳು. ಸಂಜೆಯ ಹೊತ್ತಿಗೆ ಹನ್ನೊಂದು ಜನ ತಮ್ಮ ತಮ್ಮ ವರದಿ ಓದಿದ್ದರು. ಗೌಸಿಯಾ ಕೊನೇ ಸಾಲಿನಲ್ಲಿ ಕೂತು, ಉಳಿದವರ ಹಾಗೆ ತಾನೂ ಒಂದು ಹಾಳೆ ತುಂಬಿಸಿದ್ದಳು, ತಾಯಿ ತೀರಿಕೊಂಡ ದಿನದ್ದು. ಓದಿ ಮುಗಿಸಿ, "ಶೇಷಕ್ಕನಿಗೆ ಕಲಿಸಿದೋಳು ನಾನು. ಇವತ್ತು ಇವರ ಹತ್ರ ಕಲಿತೆ" ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು.

ಹೊರಡುವಾಗ ಗುಮಾಸ್ತ ಹಾಜರಿ ಪುಸ್ತಕ ಚಾಚಿದ. ಅಭ್ಯಾಸಬಲದಿಂದ ಶೇಷಮ್ಮನ ಪೆನ್ನು ನರ್ಸುಗಳ ಪಟ್ಟಿಗೆ ಹೋಯಿತು.

"ಅಲ್ಲಲ್ಲ ಮೇಡಂ, ನೀವು ಇಲ್ಲಿ" ಎಂದು ಅವನು ಮೇಲುಗಡೆಯ 'ತರಬೇತುದಾರರು' ಎಂಬ ಖಾಲಿ ಗೆರೆಯನ್ನು ತೋರಿಸಿದ.

ಶೇಷಮ್ಮ ಸೆರಗು ಸರಿಮಾಡಿಕೊಂಡು ಕುರ್ಚಿಯಲ್ಲಿ ಕೂತಳು. ಅವಸರ ಮಾಡದೆ, ದುಂಡಗೆ, ಎಂದಿಗಿಂತ ಒಂದಿಷ್ಟು ದೊಡ್ಡದಾಗಿಯೇ ತನ್ನ ಹೆಸರು ಬರೆದಳು.